ಮೂರನೇ ಗೆರೆ

“ಏ ಕುರಿ ಕಾಯೂ ರಂಡಿ, ಮಶೀನ್ ಸುಳ್ಳ ಹೇಳ್ತದೇನ? ಚಲ್, ನಿಘ್, ಹೊರಗ ನಡಿ!”

ಉದಗೀರದ ಬೇಳೆ ಗಿರಣಿಯ ಮ್ಯಾನೇಜರ್ ಉಮಾಕಾಂತ ಮಲಕಮ್ಮನ ಬುತ್ತಿಯನ್ನು ಗೇಟಿನಾಚೆ ಎಸೆದ. ಗಂಟು ಬಿಚ್ಚಿ ರೊಟ್ಟಿಗಳು ಮಣ್ಣಿಗೆ ಬಿದ್ದವು.

ಹನ್ನೊಂದು ವರ್ಷ ಬೇಳೆ ಆರಿಸಿ ಅವಳ ಹೆಬ್ಬೆರಳು ಸವೆದುಹೋಗಿತ್ತು. ಏಳಕ್ಕೇ ಬಂದಿದ್ದರೂ ಹಾಜರಿ ಯಂತ್ರ ಅದನ್ನು ಗುರುತಿಸಿದ್ದು ಏಳೂ ನಲವತ್ತಕ್ಕೆ. ತಡವೆಂದು ಒಂದು ಕೆಂಪು ಗೆರೆ ಬಿತ್ತು. ಗುಮಾಸ್ತ ನಿಲೇಶ ಕಂಪ್ಯೂಟರಿನಲ್ಲಿ ಸಮಯ ತಿದ್ದಿದ. ಎರಡನೇ ಗೆರೆ ಬಿತ್ತು. ಗಾಬರಿಯಾಗಿ ಅದನ್ನು ಅಳಿಸಲು ಹೋದ. ಮೂರನೆಯದೂ ಬಿದ್ದು, ಮೂರು ಗೆರೆಯಾದವರನ್ನು ತೆಗೆಯುವ ನಿಯಮದಂತೆ ಕೆಲಸಗಾರರ ಪಟ್ಟಿಯಿಂದ ಅವಳ ಹೆಸರೇ ಹೋಯಿತು.

“ಸಾಹೇಬ್, ಮಲಕಮ್ಮಂದು ತಪ್ಪಿಲ್ರಿ,” ನಿಲೇಶ ಅಂದ. “ಏಳರ ಮ್ಯಾಲ ಯಾರ ಹಾಜರಿ ಬದಲಾದ್ರೂ ಗೆರಿ ಹಾಕು ಅಂತ ಪುಣೆದ ಕಂಪನಿಯವರು ಮಶೀನಿನ್ಯಾಗ ಬರದಾರ. ಯಾಕ ಬದಲಾತು ಅಂತ ನೋಡೂದೇ ಇಲ್ಲ. ತಿದ್ದಿದ್ರೂ ಗೆರಿನೇ.”

“ಪುಣೆದವರಕಿಂತ ಶಾಣ್ಯಾ ಆದೇನಲೇ? ಗಪ್ ಕೂಡು!”

“ಹೆಸರ ಕೈಲೆ ಬರಕೋರಿ, ಸಾಹೇಬ್. ನಾ ಬಂದಿದ್ದು ನೀವ ನೋಡೀರಿ,” ಎಂದಳು ಮಲಕಮ್ಮ.

“ನೋಡೀನಿ. ಆದ್ರ ಸಿಸ್ಟಮ್ ತಗದದ. ನನ್ನ ಕೈಯಾಗ ಏನದ?” ಉಮಾಕಾಂತ ನಕ್ಕು ಚಹಾ ಕುಡಿಯಲು ಒಳಗೆ ಹೋದ.

ಜೊತೆಗೆ ಬೇಳೆ ಆರಿಸುವ ಚಂಪಾಬಾಯಿ ಮೊರ ಕೆಳಗಿಟ್ಟು ಬಂದಳು. “ನಿಲೇಶ, ನನ್ನ ಹಾಜರೀನೂ ತಿದ್ದು.”

“ಮೌಶಿ, ನಿನ್ನ ಹೆಸರೂ ಹೋಗ್ತದ.”

“ಗೊತ್ತದೋ. ಮೂರ ಸಲ ತಿದ್ದು.”

ಅವಳ ಹಿಂದೆ ಅನುಸೂಯಾ, ಅವಳ ಹಿಂದೆ ಉಳಿದ ಹೆಂಗಸರು. ನಿಲೇಶ ಒಳಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ತಲೆ ಎತ್ತದೆ ತಿದ್ದುತ್ತ ಹೋದ. ಉಮಾಕಾಂತ ಬಾಯಿ ಒರೆಸುತ್ತ ಹೊರಬರುವಷ್ಟರಲ್ಲಿ ಮೂವತ್ತೊಂದು ಹೆಸರು ಹೋಗಿದ್ದವು.

“ಭಾಡ್ಯಾ!” ನಿಲೇಶನ ಕೆನ್ನೆಗೆ ಏಟು ಬಿತ್ತು. “ನಡೀರಿ, ಎಲ್ಲಾರೂ ಹೊರಗ! ಜಳಕೋಟದಿಂದ ಬ್ಯಾರೇ ಹೆಣ್ಮಕ್ಕಳನ್ನ ತರಸ್ತೀನಿ. ನಿಮ್ಮಂಥ ನಾಯಿ ಸತ್ರ ಗಿರಣಿ ನಿಂದರ್ತದೇನ?”

ಮಧ್ಯಾಹ್ನ ಟೆಂಪೊ ಬಂತು. ಅದರ ತುಂಬ ಜಳಕೋಟದ ಹೆಂಗಸರು, ಸೀರೆಯ ಸೆರಗು ಬಿಗಿದುಕೊಂಡು, ಯಾರ ಮುಖವನ್ನೂ ನೋಡದೆ ನಿಂತಿದ್ದರು. ಮಲಕಮ್ಮ ಹೋಗಿ ಮುಂದಿನ ಗಾಲಿಯೆದುರು ಮಲಗಿದಳು. ಪಕ್ಕದಲ್ಲಿ ಚಂಪಾಬಾಯಿ.

“ಹಾಯಿಸು,” ಉಮಾಕಾಂತ ಗೇಟಿನಿಂದ ಕೂಗಿದ. “ಏಳ್ತಾರವರು.”

ಡ್ರೈವರ್ ಹಾರನ್ ಒತ್ತಿದ. ಕೆಳಗಿನವರು ಏಳಲಿಲ್ಲ. ಮೇಲಿನವರು ಇಳಿಯಲಿಲ್ಲ. ಇಂಜಿನ್ ಇನ್ನೂ ಗುರುಗುಡುತ್ತಲೇ ಇತ್ತು.