ಗೋಪಿನಾಥನ ಪಿಕಪ್ಪಿಗೆ ಎಷ್ಟು ಭಾರ?

ಅಮೆರಿಕದ ಕ್ಯಾರಿಯಂಥ ಊರಿನಲ್ಲಿ ಪಿಕಪ್ ಇಟ್ಟುಕೊಂಡ ಬ್ರಹ್ಮಚಾರಿಗೆ ಶನಿವಾರ ಅವನದಲ್ಲ ನೋಡಿ. ಯಾರದೋ ಸೋಫಾ, ಇನ್ಯಾರದೋ ಹಾಸಿಗೆ, ಕನ್ನಡ ಕೂಟದ ಯುಗಾದಿ ಊಟದ ಪಾತ್ರೆ, ಎಲ್ಲಕ್ಕೂ ಗೋಪಿನಾಥನೇ ಬೇಕು. "ಗೋಪಿ, ವೀಕೆಂಡ್ ಫ್ರೀ ಇದ್ಯಾ?" ಎಂದು ಫೋನ್ ಬಂದರೆ ಸಾಕು, ಷೂ ಹಾಕಿಕೊಂಡು ಹೊರಟೇಬಿಡುತ್ತಿದ್ದ. ಫ್ರೀ ಇಲ್ಲದೆ ಪಾಪ ಇನ್ನೇನು!

ಸೋಫಾ ಇಳಿಸಿದ ಮೇಲೆ ಬಾಗಿಲಲ್ಲೇ ಅವನ ಕೈಗೊಂದು ಡಬ್ಬಿ ಬರುತ್ತಿತ್ತು. "ಬಿಸಿಬೇಳೆಭಾತ್ ಇದೆ, ಮನೇಲಿ ಮೈಕ್ರೋವೇವ್ ಮಾಡ್ಕೋಪ್ಪ." ಒಳಗೆ ಬಾ, ಕೂತು ತಿನ್ನು ಎಂದವರು ಕಡಿಮೆ. ಅವರೇನೂ ಕೆಟ್ಟವರಲ್ಲ, ತೋಚುತ್ತಿರಲಿಲ್ಲ ಅಷ್ಟೆ. ಅಪಾರ್ಟ್‌ಮೆಂಟಿಗೆ ಬಂದು ಅಡುಗೆಮನೆಯ ಕಟ್ಟೆಯ ಮುಂದೆ ನಿಂತೇ ಅದನ್ನು ತಿಂದು ಮುಗಿಸುತ್ತಿದ್ದ. ಜನ ಕರೆಯುವುದು ತನ್ನನ್ನಲ್ಲ, ಗಾಡಿಯನ್ನು ಎಂದು ಅವನಿಗೂ ಗೊತ್ತಿತ್ತು. ಒಂದು ಸಲ ಆಗುವುದಿಲ್ಲ ಎಂದರೆ ಆ ಫೋನೂ ನಿಂತುಹೋದೀತು ಎಂಬ ಭಯದಲ್ಲಿ ಎಲ್ಲದಕ್ಕೂ ಹೂಂ ಎನ್ನುತ್ತಿದ್ದ.

೧೯೯೭ರ ಮೇ ತಿಂಗಳಲ್ಲಿ ಕೂಟದವರು ಬ್ಲೂ ರಿಡ್ಜ್ ಬೆಟ್ಟದಲ್ಲಿ ಮೂರು ದಿನ ಕ್ಯಾಂಪಿಂಗ್ ಎಂದು ಗೊತ್ತುಮಾಡಿದರು. ವಯಸ್ಸಾದವರಿಗೆ ಟೆಂಟಿನಲ್ಲಿ ನೆಲದ ಮೇಲೆ ಮಲಗುವುದು ಕಷ್ಟ. ಅವರಿಗಾಗಿ ಒಳಗೆ ಹಾಸಿಗೆಗಳಿರುವ, ಚಕ್ರದ ಮೇಲಿನ ಪುಟ್ಟ ಮನೆಯಂಥ ಒಂದು ಕ್ಯಾಂಪಿಂಗ್ ಟ್ರೇಲರ್ ಬಾಡಿಗೆಗೆ ಬಂತು. ಅದನ್ನು ಎಳೆಯಬೇಕಾದವನು ಗೋಪಿನಾಥ.

ಕೂಟದ ಅಧ್ಯಕ್ಷರು ಪ್ರಭಾಕರ, ಪಕ್ಕದ ರಾಲಿಯಲ್ಲಿ ಹೃದಯದ ಡಾಕ್ಟರು. ಪಿಕಪ್ಪಿನ ಪುಸ್ತಕ ತೆರೆದು ಅವರೇ ಓದಿದರು. "ನೋಡಯ್ಯ, ನಾಲ್ಕೂವರೆ ಸಾವಿರ ಪೌಂಡ್ ಎಳೆಯುತ್ತೆ ಅಂತ ಪ್ರಿಂಟ್ ಮಾಡಿದಾರೆ. ಟ್ರೇಲರ್ ಮೂರು ಸಾವಿರದ ನಾನೂರು. ಇನ್ನೂ ಬೇಕಾದಷ್ಟು ಜಾಗ ಇದೆ. ಪಾತ್ರೆ, ಗ್ರೈಂಡರ್, ಅಕ್ಕಿ, ಕುರ್ಚಿ, ಎಲ್ಲಾ ನಿನ್ ಟ್ರಕ್ಕಿಗೇ ಹಾಕ್ಬಿಡೋಣ. ನಾನೂ ನಮ್ ಕೂಟದ ರೇಣುಕಾದೇವಿನೂ ನಿನ್ ಜೊತೆ ಬರ್ತೀವಿ."

ಜೊತೆಗೆ ಬರುತ್ತೇವೆ ಎಂಬ ಮಾತು ಕೇಳಿಯೇ ಗೋಪಿನಾಥನ ಹೊಟ್ಟೆ ತುಂಬಿತು. ನಾಲ್ಕು ಗಂಟೆಯ ದಾರಿ. ಪಕ್ಕದಲ್ಲಿ ಮಾತಾಡುವವರು ಇರುತ್ತಾರೆ!

ಹೊರಡುವುದಕ್ಕೆ ಒಂದು ವಾರ ಮೊದಲು ಎಲ್ಲವನ್ನೂ ಪಿಕಪ್ಪಿಗೆ ಹೇರಿ, ನೀರಿನ ಕ್ಯಾನುಗಳನ್ನು ಟ್ರೇಲರಿನ ಹಿಂಬದಿಗೆ ತುಂಬಿ, ಡಾಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಟ್ರೇಲರ್ ಕಟ್ಟಿಕೊಂಡು ಊರೊಳಗೇ ಒಂದು ಸುತ್ತು ಹೊರಟ. ಹತ್ತು ನಿಮಿಷದಲ್ಲಿ ಬೆವರು ಕಿತ್ತುಕೊಂಡು ಬಂತು. ಸ್ಟಿಯರಿಂಗ್ ಹಗುರವಾಗಿ, ಮುಂದಿನ ಚಕ್ರ ನೆಲ ಮುಟ್ಟುತ್ತಿದೆಯೋ ಇಲ್ಲವೋ ಎನ್ನುವಂತಿತ್ತು. ಇಳಿಜಾರಿನಲ್ಲಿ ಟ್ರೇಲರ್ ಹಿಂದಿನಿಂದ ಎಡಕ್ಕೂ ಬಲಕ್ಕೂ ಎಳೆದಾಡಿತು. ಕೆಂಪು ದೀಪಕ್ಕೆ ಬ್ರೇಕ್ ಒತ್ತಿದರೆ ಗಾಡಿ ನಿಂತದ್ದು ಗೆರೆ ದಾಟಿ ಇಡೀ ಒಂದು ಕಾರಿನಷ್ಟು ಮುಂದೆ. ಅಡ್ಡರಸ್ತೆಯಿಂದ ಬಂದ ವ್ಯಾನೊಂದು ಕಿರ್ರೆಂದು ನಿಂತಿತು. ಅದರೊಳಗಿದ್ದ ಹೆಂಗಸು ಎದೆಯ ಮೇಲೆ ಕೈಯಿಟ್ಟುಕೊಂಡಿದ್ದಳು.

"ಹೊಸದು, ಅಭ್ಯಾಸ ಆಗುತ್ತೆ ಬಿಡು," ಎಂದರು ಡಾಕ್ಟರು. ಹೇಳುತ್ತಲೇ ಸೀಟ್ ಬೆಲ್ಟ್ ಬಿಗಿ ಮಾಡಿಕೊಂಡರು.

ಮರಳಿ ಡಾಕ್ಟರ ಮನೆ ಮುಂದೆ ನಿಲ್ಲಿಸಿದಾಗ ರೇಣುಕಾದೇವಿ ಅಲ್ಲಿ ಕಾಯುತ್ತಿದ್ದರು. ರಸ್ತೆ ಇಲಾಖೆಯ ಇಂಜಿನಿಯರ್ ಆಕೆ. ಯಾವ ಸೇತುವೆ ಎಷ್ಟು ಭಾರ ತಡೆಯುತ್ತದೆ ಎಂದು ಲೆಕ್ಕ ಹಾಕುವುದೇ ಕೆಲಸ. ಪಿಕಪ್ ನೋಡಿ ಸೊಂಟದ ಮೇಲೆ ಕೈಯಿಟ್ಟರು.

"ಏನೋ ಇದು ಗೋಪಿ! ಹಿಂದುಗಡೆ ಕುಸಿದು ಕೂತಿದೆ, ಮೂತಿ ಆಕಾಶ ನೋಡ್ತಿದೆ!"

"ಎಳೆಯೋ ಲಿಮಿಟ್ ಒಳಗೇ ಇದೆ ಕಣ್ರೀ," ಎಂದರು ಡಾಕ್ಟರು.

"ಎಳೆಯೋದು ಬೇರೆ, ಹೊರೋದು ಬೇರೆ ಡಾಕ್ಟ್ರೇ. ನಾಲ್ಕೂವರೆ ಸಾವಿರ ಎಳೆಯೋ ಲೆಕ್ಕ. ಗಾಡಿ ಬೆನ್ನ ಮೇಲೆ ಎಷ್ಟು ಹೊರಬಹುದು ಅಂತ ಯಾರಾದ್ರೂ ನೋಡಿದ್ರಾ?"

ಗೋಪಿನಾಥನಿಗೆ ಸಿಟ್ಟು ಬಂತು. ಈ ಲೆಕ್ಕ ಈಗ ಯಾಕೆ ಬೇಕಿತ್ತು? ಜೊತೆಗೆ ಬರುವವರೇ ತಪ್ಪಿಹೋದರೆ? "ಪರವಾಗಿಲ್ಲ ಆಂಟಿ, ನಾನು ಮ್ಯಾನೇಜ್ ಮಾಡ್ತೀನಿ."

"ಬೆಟ್ಟದ ಇಳಿಜಾರಲ್ಲಿ ಏನು ಮ್ಯಾನೇಜ್ ಮಾಡ್ತೀಯೋ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ನಡಿ, ತೂಕ ಹಾಕ್ಸೋಣ."

ಸಾಮಾನೆಲ್ಲ ಇಳಿಸಿ, ಪೆಟ್ರೋಲ್ ತುಂಬಿಸಿ, ಹೆದ್ದಾರಿಯ ಟ್ರಕ್ ಸ್ಟಾಪಿನಲ್ಲಿ ಲಾರಿಗಳನ್ನು ತೂಗುವ ವೇ ಬ್ರಿಡ್ಜಿಗೆ ಹೋದರು. ಗೋಪಿನಾಥ ಒಬ್ಬನೇ ಕೂತಿದ್ದ ಬರೀ ಪಿಕಪ್ಪಿನ ತೂಕ ೩,೯೮೦ ಪೌಂಡ್. ಆಮೇಲೆ ಟ್ರೇಲರ್ ಕಟ್ಟಿ, ಪಿಕಪ್ಪಿನ ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ತೂಗಿದರು. ೪,೩೮೦.

"ನಾನೂರು ಎಲ್ಲಿಂದ ಬಂತು?" ಡಾಕ್ಟರು ಕೇಳಿದರು.

"ಟ್ರೇಲರಿನ ಮೂತಿ ಕೊಕ್ಕೆ ಮೇಲೆ ಕೂತಿದೆಯಲ್ಲ, ಆ ಭಾರ. ಅದೂ ನಮ್ ಗಾಡಿ ಬೆನ್ನಿಗೇ. ಹೆಚ್ಚುಕಮ್ಮಿ ಟ್ರೇಲರ್ ತೂಕದ ಹತ್ತರಲ್ಲೊಂದು ಪಾಲಿಗಿಂತ ಮೇಲೇ ಇರ್ಬೇಕು. ನೀವು ನೀರಿನ ಕ್ಯಾನೆಲ್ಲ ಟ್ರೇಲರಿನ ಬಾಲಕ್ಕೆ ಹಾಕಿದ್ರಿ, ಮೂತಿ ಹಗುರ ಆಯ್ತು, ಅದಕ್ಕೇ ಅದು ಎಳೆದಾಡಿದ್ದು." ರೇಣುಕಾದೇವಿ ಡ್ರೈವರ್ ಬಾಗಿಲು ತೆರೆದು ಚೌಕಟ್ಟಿನ ಚೀಟಿ ತೋರಿಸಿದರು. "ಗಾಡಿ, ಸಾಮಾನು, ಜನ ಎಲ್ಲ ಸೇರಿ ೫,೨೦೦ ದಾಟಬಾರದು ಅಂತ ಇಲ್ಲಿದೆ. ಉಳಿದಿರೋದು ೮೨೦. ನಿಮ್ ಪಾತ್ರೆ ಪಡಗ ಅಕ್ಕಿ ಕುರ್ಚಿ ಎಷ್ಟು?"

ಡಾಕ್ಟರು ಪಟ್ಟಿ ಕೂಡಿಸಿದರು. "ಒಂಬೈನೂರು."

"ಗೋಪಿ ಒಬ್ನೇ ಹೋದ್ರೂ ಎಂಬತ್ತು ಜಾಸ್ತಿ. ನಾವಿಬ್ರು ಹತ್ತಿದ್ರೆ ಇನ್ನೂ ಮುನ್ನೂರ ನಲವತ್ತು."

ಡಾಕ್ಟರು ಗಲ್ಲ ತುರಿಸಿಕೊಂಡರು. "ಹಾಗಿದ್ರೆ ಹೀಗೆ ಮಾಡೋಣ. ಒಂದೆರಡು ಮೂಟೆ ತೆಗೆದುಬಿಡೋಣ. ಗೋಪಿ ಸಾಮಾನು ತಗೊಂಡು ಒಬ್ನೇ ಬರ್ಲಿ. ನಾವು ಕೂಟದ ಬೇರೆಯವರ ವ್ಯಾನಲ್ಲಿ ಬರ್ತೀವಿ."

ಲೆಕ್ಕ ಸರಿಯಾಗಿಯೇ ಇತ್ತು. ಮತ್ತೆ ಒಬ್ಬನೇ, ಗ್ರೈಂಡರಿನ ಜೊತೆ! ಎಂದಿನಂತೆ ಹೂಂ ಎನ್ನಲು ಗೋಪಿನಾಥ ಬಾಯಿ ತೆರೆದ. ಹೂಂ ಬರಲಿಲ್ಲ.

"ಇಲ್ಲ ಅಂಕಲ್," ಎಂದ. "ಆಗಲ್ಲ."

ಇಬ್ಬರೂ ಅವನತ್ತ ತಿರುಗಿದರು.

"ಐದು ವ್ಯಾನ್ ಬರ್ತಿವೆ. ಪಾತ್ರೆ ಕುರ್ಚಿ ಎಲ್ಲ ಅವುಗಳಿಗೆ ಅವುಗಳ ಲಿಮಿಟ್ ನೋಡಿ ಹಂಚಿ. ನನ್ ಗಾಡೀಲಿ ಜನ ಬರ್ಲಿ. ಒಬ್ನೇ ಹೋಗಿ ಹೋಗಿ ನಂಗೆ ಸಾಕಾಗಿದೆ ಅಂಕಲ್. ಆರು ವರ್ಷದಿಂದ ನಿಮ್ಮೆಲ್ಲರ ಸಾಮಾನು ಹೊತ್ತಿದೀನಿ. ಈ ಸಲ ನಂಗೆ ಜನ ಬೇಕು."

ಹೇಳಿಬಿಟ್ಟು ಅವನಿಗೇ ಗಾಬರಿಯಾಯಿತು. ಮುಗಿಯಿತು, ಇನ್ನು ಯಾರೂ ಕರೆಯುವುದಿಲ್ಲ ಎಂದುಕೊಂಡ. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು. ಡಾಕ್ಟರು ಕೈಯಲ್ಲಿದ್ದ ಪಟ್ಟಿಯನ್ನು ಮಡಿಸಿ ಜೇಬಿಗೆ ಹಾಕಿದರು.

"ನಾಚಿಕೆ ಆಗ್ಬೇಕು ನಮಗೆ," ಎಂದರು. "ದಿನಾ ಪೇಷೆಂಟ್‌ಗಳಿಗೆ ಭಾರ ಇಳಿಸಿ ಅಂತೀನಿ. ನಿನ್ ಮೇಲಿನ ಭಾರ ನಾನೇ ನೋಡಲಿಲ್ಲ ಕಣಯ್ಯ."

ಮುಂದಿನ ಶುಕ್ರವಾರ ಬೆಳಿಗ್ಗೆ ಸಾಮಾನು ವ್ಯಾನುಗಳಿಗೆ ಹಂಚಿಹೋಯಿತು. ನೀರನ್ನು ಅಲ್ಲಿಯೇ ತುಂಬಿಸಿಕೊಂಡರಾಯಿತೆಂದು ಕ್ಯಾನುಗಳನ್ನು ಖಾಲಿಯಾಗಿಯೇ ಒಯ್ದರು. ಪಿಕಪ್ಪಿನ ಉದ್ದ ಸೀಟಿನಲ್ಲಿ ಮೂವರು ಒತ್ತಿಕೊಂಡು ಕೂತರು. ದಾರಿಯಲ್ಲಿ ಮತ್ತೊಮ್ಮೆ ತೂಗಿಸಿದರು. ಬಟ್ಟೆಯ ಚೀಲಗಳೂ ಸೇರಿ ೪,೭೯೦. ಬೆಟ್ಟದ ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಹಾಕಿ ನಿಧಾನವಾಗಿ ಇಳಿಸಿದ. ಟ್ರೇಲರ್ ತೆಪ್ಪಗೆ ಹಿಂದೆ ಬಂತು. ರೇಣುಕಾದೇವಿ ಚಕ್ಕುಲಿ ಮುರಿದು ಅವನ ಕೈಗೆ ಕೊಡುತ್ತ, "ನಿಮ್ ಮನೇಲಿ ಯಾರ್ಯಾರಿದಾರೋ ಗೋಪಿ? ಇಷ್ಟು ವರ್ಷ ಕೇಳೇ ಇಲ್ವಲ್ಲ," ಎಂದರು. ಅವನು ಚಕ್ಕುಲಿ ಕಡಿಯುತ್ತ ಒಬ್ಬೊಬ್ಬರದೇ ಹೆಸರು ಹೇಳತೊಡಗಿದ.

ಟ್ರೇಲರ್ ಕಟ್ಟಿಕೊಂಡು ಹೊರಡುವ ಅಣ್ಣ ಅಕ್ಕಂದಿರೇ, ಎಷ್ಟು ಎಳೆಯುತ್ತದೆ ಎಂಬ ಒಂದೇ ಅಂಕಿ ನಂಬಬೇಡಿ. ಬಾಗಿಲ ಚೀಟಿ ಓದಿ. ಬರೀ ಗಾಡಿಯನ್ನು ಒಮ್ಮೆ, ಕೊಕ್ಕೆಗೆ ಟ್ರೇಲರ್ ಕಟ್ಟಿ ಇನ್ನೊಮ್ಮೆ ತೂಗಿಸಿ. ಟ್ರೇಲರಿನೊಳಗಿನ ಭಾರದ ವಸ್ತುವನ್ನು ಬಾಲಕ್ಕೆ ತಳ್ಳದೆ, ಚಕ್ರಗಳಿಗಿಂತ ಸ್ವಲ್ಪ ಮುಂದಿಡಿ. ಟ್ರೇಲರಿನ ಬ್ರೇಕ್ ಕೆಲಸ ಮಾಡುತ್ತದೆಯೇ ನೋಡಿ. ಕೂತವರ ತೂಕವನ್ನೂ ಮರೆಯದೆ ಕೂಡಿಸಿ. ಇಷ್ಟೆಲ್ಲ ಆಗಿ ಇನ್ನೂ ಒಂದಿಷ್ಟು ಪೌಂಡ್ ಉಳಿದರೆ, ದಯವಿಟ್ಟು ಅಲ್ಲಿ ಇನ್ನೊಂದು ಮೂಟೆ ಅಕ್ಕಿ ಇಡಬೇಡಿ. ಒಬ್ಬರನ್ನು ಕೂರಿಸಿಕೊಳ್ಳಿ.