ಕೌದಿಯ ಇನ್ನೊಂದು ತುದಿ

ನಮ್ಮ ಅತ್ತೆ ನೀಲಕ್ಕ ಒಣಗಿದ ಬಟ್ಟೆಯನ್ನೂ ಒಮ್ಮೆ ಹಿಂಡಿ ನೋಡುತ್ತಾರೆ. ಹಗ್ಗದ ಮೇಲೆ ಬಿಸಿಲು ಕುಡಿದು ಗರಿಗರಿಯಾದ ಅಂಗಿಯನ್ನು ತೆಗೆದು, ಎರಡು ಕೈಯಲ್ಲಿ ಹಿಡಿದು, ಮಣಿಕಟ್ಟು ತಿರುವಿ, ನೆಲ ನೋಡುತ್ತಾರೆ. ಹನಿ ಬೀಳುವುದಿಲ್ಲ. ಆಮೇಲೆಯೇ ಮಡಚುವುದು. ಮದುವೆಯಾಗಿ ಹಳಿಯಾಳದ ಈ ಮನೆಗೆ ಬಂದ ಹೊಸದರಲ್ಲಿ ನಾನು, ನನ್ನ ಒಗೆತದ ಮೇಲೆ ಇವರಿಗೆ ನಂಬಿಕೆ ಇಲ್ಲ ಅಂದುಕೊಂಡಿದ್ದೆ. ಬರಬರುತ್ತ ತಿಳಿಯಿತು, ಅವರಿಗೆ ಬಿಸಿಲಿನ ಮೇಲೂ ನಂಬಿಕೆ ಇಲ್ಲ.

ಆಳು ಗಿಡ್ಡ. ಮಣಿಕಟ್ಟು ಮಾತ್ರ ಗಂಡಸರ ಹಾಗೆ ದಪ್ಪ. ಬಳೆ ಇಡುತ್ತಿದ್ದ ಕಾಲದಲ್ಲಿ ಬಳೆಗಾರ ಅವರ ಅಳತೆಯವನ್ನು ಬೇರೆ ಕಟ್ಟಿ ತರುತ್ತಿದ್ದನಂತೆ. ನಡೆಯುವಾಗ ಕೈ ಮೈಗೆ ತಾಕಿಸುವುದಿಲ್ಲ. ಈಗಷ್ಟೇ ನೀರಿನಿಂದ ತೆಗೆದ ಕೈಗಳ ಹಾಗೆ ತುಸು ದೂರ ಹಿಡಿದು ನಡೆಯುತ್ತಾರೆ. ಗುಡಿಗೆ ಹೋಗುವಾಗಲೂ ಹಾಗೆಯೇ, ಸಂತೆಗೆ ಹೋಗುವಾಗಲೂ ಹಾಗೆಯೇ. ಮಾತು ಕಡಿಮೆ. ಏನು ಕೇಳಿದರೂ ಹೂಂ ಅನ್ನುವುದಿಲ್ಲ, ಒಲ್ಲೆ ಅನ್ನುವುದಿಲ್ಲ. "ನೋಡೂಣು" ಅನ್ನುತ್ತಾರೆ. ಆ ಮಾತಿನ ಅರ್ಥ ಅವರ ಮಗನಿಗೆ ತಿಳಿಯುತ್ತಿತ್ತು. ನನಗೆ ಇನ್ನೂ ಪೂರ್ತಿ ತಿಳಿದಿಲ್ಲ.

ಮನೆಗೆ ವಾಷಿಂಗ್ ಮಶಿನ್ ತಂದವರು ಆ ಮಗನೇ, ನನ್ನ ಗಂಡ ವೀರೇಶ. ಟೆಂಪೊ ಓಡಿಸುತ್ತಿದ್ದರು, ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಗೋವಿನಜೋಳ ಹೇರಿಕೊಂಡು ಹೋಗುವುದು, ಬರುವಾಗ ಸಿಕ್ಕ ಬಾಡಿಗೆ ಹಿಡಿಯುವುದು. ಅಂಬಿಕಾನಗರದ ಕ್ವಾರ್ಟರ್ಸಿನಿಂದ ವರ್ಗವಾಗಿ ಹೊರಟ ಸಾಹೇಬರೊಬ್ಬರ ಸಾಮಾನು ಸಾಗಿಸಿದಾಗ, ಅವರು ಬಿಟ್ಟುಹೋಗುತ್ತಿದ್ದ ಮಶಿನ್ನನ್ನು ಕೇಳಿ ಪಡೆದು ತಂದರು. ಎರಡು ತೊಟ್ಟಿಯದು. ಒಂದರಲ್ಲಿ ಒಗೆತ, ಅಲ್ಲಿಂದ ಬಟ್ಟೆಯನ್ನು ಕೈಯಿಂದ ಎತ್ತಿ ಪಕ್ಕದ ಡ್ರೈಯರಿಗೆ ಹಾಕಿದರೆ ಅದು ಗಿರಗಿರ ತಿರುಗಿ ನೀರು ತೆಗೆಯುತ್ತದೆ. ಬಂದಾಗಲೇ ಅದಕ್ಕೆ ವಯಸ್ಸಾಗಿತ್ತು. ಮೂಲೆಯಲ್ಲಿ ತುಕ್ಕು, ಮುಚ್ಚಳಕ್ಕೆ ಬಿರುಕು, ತಿರುಗುವಾಗ ಇಡೀ ಓಣಿಗೆ ಕೇಳುವ ಸದ್ದು.

ಪಕ್ಕದ ಮನೆಯ ಕಾಶೆವ್ವ ನೋಡಲು ಬಂದಾಗ ಅತ್ತೆ ಹೇಳಿದ್ದು ಇಷ್ಟೇ: "ವೀರೇಶ ಇನ್ನೊಬ್ಬಾಕಿ ಸೊಸಿ ತಂದಾನ. ಇಕಿ ಭಾಳ ಒದರ್ತಾಳ. ಆದ್ರ ಹೇಳಿದ್ದ ಕೇಳ್ತಾಳ." ಹೇಳಿ ನನ್ನ ಕಡೆ ನೋಡಿದರು. ಕಾಶೆವ್ವ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ.

ಅಂದಿನಿಂದ ಎರಡು ತೊಟ್ಟಿಯ ನಡುವೆ ನಿಲ್ಲುವ ಕೆಲಸ ಅವರದೇ ಆಯಿತು. ಇಲ್ಲಿಂದ ಎತ್ತಿ ಅಲ್ಲಿ ಹಾಕುವುದು, ಮುಚ್ಚಳ ಒತ್ತಿ ಹಿಡಿದು ನಿಲ್ಲುವುದು, ಸದ್ದು ನಿಂತ ಮೇಲೆ ಒಂದೊಂದನ್ನೇ ತೆಗೆದು ತಾವೊಮ್ಮೆ ಹಿಂಡುವುದು. ಎಲ್ಲಾದರೂ ಒಂದು ಹನಿ ಬಿದ್ದರೆ ಆ ದಿನವೆಲ್ಲ ಮುಖದಲ್ಲಿ ಗೆಲುವು. ಸಣ್ಣ ಸೊಸೆ ಮೈಗಳ್ಳಿ ಅಂತ ಊಟದ ಹೊತ್ತಿನಲ್ಲಿ ಮಗನಿಗೆ ದೂರು.

ಮಶಿನ್ನಿಗೆ ಹಾಕದೆ ಉಳಿಸಿದ್ದು ಕೌದಿ ಒಂದನ್ನೇ. ಅತ್ತೆಯೇ ಹೊಲಿದ ಕೌದಿ. ಮಾವನ ಧೋತರ, ವೀರೇಶರ ಸಾಲಿಯ ಖಾಕಿ ಚಡ್ಡಿ, ನನ್ನ ಹರಿದ ಸೀರೆಯ ಸೆರಗು, ಎಲ್ಲ ಅದರಲ್ಲಿವೆ. ನೀರು ಕುಡಿದರೆ ಒಬ್ಬರಿಗೆ ಏಳುವುದಿಲ್ಲ. ಪ್ರತಿ ಮಹಾನವಮಿಗೆ ಮುಂಚೆ ಅತ್ತೆ ಅದನ್ನು ಅಂಗಳದ ಕಲ್ಲಿನ ಮೇಲೆ ಕಾಲಿನಿಂದ ತುಳಿದು ಒಗೆಯುತ್ತಿದ್ದರು. ಆಮೇಲೆ ತಾಯಿ ಮಗ ಎದುರುಬದುರು ನಿಂತು, ಒಂದೊಂದು ತುದಿ ಹಿಡಿದು, ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುವುತ್ತಿದ್ದರು. ಕೌದಿ ಹಗ್ಗದ ಹಾಗೆ ಹುರಿಯಾಗಿ, ನಡುವಿನಿಂದ ನೀರು ಧೋ ಎಂದು ಸುರಿಯುತ್ತಿತ್ತು. ನಾನು ಒಂದು ಸಲ ಹಿಡಿಯಲು ಹೋಗಿದ್ದೆ. ನಾನು ಎಡಗೈಯವಳು, ನನ್ನ ಕೈ ಎಡಕ್ಕೇ ತಿರುಗುತ್ತದೆ.

"ಶಾಂತಾ, ನೀ ಎಡಚಿ ಅದಿ. ನಿನ್ನ ಕೂಡ ಹಿಂಡಿದ್ರ ಕೌದಿ ಉರುಳತೈತಿ, ನೀರ ಬೀಳಂಗಿಲ್ಲ," ಅಂದು ಅತ್ತೆ ನನ್ನನ್ನು ರೊಟ್ಟಿಗೆ ಕಳಿಸಿದರು. ಅದು ನಿಜವೇ ಆಗಿತ್ತು. ಅಂದಿನಿಂದ ನಾನು ಒಲೆಯ ಮುಂದೆ ಕೂತು ಅವರಿಬ್ಬರ ನಗು ಕೇಳುತ್ತಿದ್ದೆ.

ಹೋದ ಶಿವರಾತ್ರಿ ಕಳೆದ ಮೇಲೆ ವೀರೇಶ ಗೋದಾಮಿನ ಮುಂದೆ ಟೆಂಪೊ ನಿಲ್ಲಿಸಿ, ಸ್ಟೇರಿಂಗ್ ಮೇಲೆ ತಲೆ ಇಟ್ಟವರು ಏಳಲಿಲ್ಲ. ನೀಲಕ್ಕ ಅಳಲಿಲ್ಲ. ಬಂದ ಹೆಂಗಸರು ಅದನ್ನೇ ಮಾತಾಡಿಕೊಂಡು ಹೋದರು. ಮಣ್ಣು ಮಾಡಿ ಬಂದ ಮೇಲೆ ಅತ್ತೆ ಮಗನ ಅಂಗಿ, ಪ್ಯಾಂಟು, ಟವೆಲು ಎಲ್ಲ ಒಗೆದು, ಹಿಂಡಿ, ಮಡಚಿ ಇಟ್ಟರು. ಕೌದಿಯನ್ನು ಮಾತ್ರ ಒಗೆಯಲಿಲ್ಲ. ತಾವೇ ಹೊದ್ದುಕೊಂಡರು. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಉಳಿದವರು ನಾವಿಬ್ಬರು, ಮತ್ತು ಆ ಸದ್ದು ಮಾಡುವ ಮಶಿನ್.

ಮಹಾನವಮಿ ಬಂತು. ಹಬ್ಬ ಮಾಡುವ ಹಾಗಿರಲಿಲ್ಲ. ನಾನು ಸಾಲಿಯಲ್ಲಿ ಬಿಸಿಯೂಟದ ಅಡುಗೆಗೆ ಹೋಗುತ್ತೇನೆ. ಅವತ್ತು ತಿರುಗಿ ಬಂದಾಗ ಮನೆಯಲ್ಲಿ ಸುಟ್ಟ ವಾಸನೆ, ನೆಲದ ತುಂಬ ನೀರು. ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು. ಕೈ ಎರಡೂ ಮಡಿಲಲ್ಲಿ. ಅವು ಹಾಗೆ ಸುಮ್ಮನೆ ಬಿದ್ದದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಮಶಿನ್ ಹೋಯಿತು ಅಂದರು. ರಿಪೇರಿಯವನು ಬಂದು ಡ್ರೈಯರಿನ ಮುಚ್ಚಳ ತೆಗೆದು, ಒಳಗಿನಿಂದ ಎಳೆದ, ಎಳೆದ, ಕೌದಿ ಬರುತ್ತಲೇ ಇತ್ತು. ಇದರಾಗ ಕೌದಿ ಯಾರು ತುರುಕಿದ್ರಿ ಅಂತ ನಗುತ್ತ ಕೇಳಿದ.

"ನಾ ತುರುಕೀನಿ," ಅಂದರು ಅತ್ತೆ.

ಮೋಟಾರು ಸುಟ್ಟಿದೆ, ಒಗೆಯುವ ಕಡೆಯೂ ಇನ್ನು ಹೆಚ್ಚು ದಿನ ಇಲ್ಲ, ಇಷ್ಟು ಹಳೆಯದಕ್ಕೆ ಸಾಮಾನು ಸಿಗುವುದಿಲ್ಲ, ಹೊಸದು ತಗೊಳ್ಳಿ ಅಂತ ಹೇಳಿ ಅವನು ಹೋದ. ನಾನು ಕೇಳಿದೆ, "ನಾ ಬರೂತನಕ ಯಾಕ ತಡೀಲಿಲ್ಲ, ಅತ್ತಿ?"

"ತಡದ ಏನ ಮಾಡ್ಲಿ. ಇನ್ನೊಂದ ತುದಿ ಹಿಡಿಯಾವ ಇಲ್ಲ."

ನಾನು ಎದುರಿಗೇ ನಿಂತಿದ್ದೆ.

ಅವರೇ ಮತ್ತೆ ಅಂದರು, "ಆಂವ ತಂದದ್ದನ್ನ ನಾ ಸುಟ್ಟೆ. ಇನ್ನ ಈ ಮನ್ಯಾಗ ನಂದೇನೈತಿ. ರಾಜಶ್ರೀ ಕಡೆ ಹೋಗ್ತೇನಿ." ರಾಜಶ್ರೀ ಅವರ ಮಗಳು, ಮುಂಡಗೋಡದಲ್ಲಿದ್ದಾಳೆ. ತಮ್ಮ ತೀರಿಕೊಂಡಾಗಿನಿಂದ ತಾಯಿಯನ್ನು ಕರೆಯುತ್ತಲೇ ಇದ್ದಳು, ಇವರು ನೋಡೂಣು ಅನ್ನುತ್ತಲೇ ಇದ್ದರು. ಅವತ್ತು ನೋಡೂಣು ಅನ್ನಲಿಲ್ಲ. ಒಳಗೆ ಹೋಗಿ ಚೀಲಕ್ಕೆ ಸೀರೆ ಹಾಕುವುದು ನನಗೆ ಕಾಣುತ್ತಿತ್ತು. ಗಂಡನನ್ನು ಕಳೆದುಕೊಂಡ ಮನೆಯಲ್ಲಿ ಇವರೂ ಇಲ್ಲದೆ ಇರುವುದು ಹೇಗೆ ಅನ್ನುವುದು ನನಗೆ ಹೊಳೆಯಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮಿಬ್ಬರ ನಡುವೆ ಇರಲಿಲ್ಲ.

ಕೌದಿ ಕಲ್ಲಿನ ಮೇಲೆ ನೀರು ಸೋರುತ್ತ ಬಿದ್ದಿತ್ತು. ಹಾಗೇ ಬಿಟ್ಟರೆ ಕೊಳೆಯುತ್ತದೆ. ನಾನು ಹೋಗಿ ಒಂದು ತುದಿ ಎತ್ತಿ ಹಿಡಿದು ನಿಂತೆ. ಕರೆಯಲಿಲ್ಲ. ಬಹಳ ಹೊತ್ತಾದ ಮೇಲೆ ಅತ್ತೆ ಬಂದು ಇನ್ನೊಂದು ತುದಿ ಹಿಡಿದರು. ನಾನು ಬಲಕ್ಕೆ ತಿರುವಲು ನೋಡಿದೆ, ಕೈ ಕೇಳಲಿಲ್ಲ, ಕೌದಿ ಜಾರಿತು. ಅತ್ತೆ ನನ್ನ ಕೈಯನ್ನೇ ನೋಡಿದರು. ಆಮೇಲೆ, ಹುಟ್ಟಿದಾಗಿನಿಂದ ಬಲಕ್ಕೇ ತಿರುಗಿದ ಆ ಮಣಿಕಟ್ಟುಗಳನ್ನು ಅವರು ಎಡಕ್ಕೆ ತಿರುವಿದರು. ನಾನೂ ಎಡಕ್ಕೇ ತಿರುವಿದೆ, ಹುರಿ ಬಿತ್ತು. ಆ ಕಡೆಗೆ ಅವರ ಕೈಯಲ್ಲಿ ಶಕ್ತಿ ಇರಲಿಲ್ಲ. ತುಟಿ ಕಚ್ಚಿ ಹಿಡಿದಿದ್ದರು. ನೀರು ಸ್ವಲ್ಪ ಬಿತ್ತು, ಬಹಳ ಬೀಳಲಿಲ್ಲ. ಆಗ ಅವರು ಅತ್ತರು. ನಾನು ತುದಿ ಬಿಡಲಿಲ್ಲ. ಬಿಟ್ಟರೆ ಕೌದಿ ಮಣ್ಣಿಗೆ ಬೀಳುತ್ತಿತ್ತು.

ಅದು ಒಣಗುವುದಕ್ಕೆ ದಿನಗಟ್ಟಲೆ ಹಿಡಿಯಿತು. ಸೀರೆ ತುಂಬಿದ ಚೀಲ ಮಾತ್ರ ಗೂಟಕ್ಕೆ ಹಾಗೇ ತೂಗುತ್ತಿತ್ತು.

ಹೋಗುವ ಮೊದಲು ಮಶಿನ್ ಒಂದನ್ನು ನೋಡಿ ಹೋಗಿರಿ ಅಂತ ಅವರನ್ನು ಪೇಟೆಯ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಪೂರ್ತಿ ತಾನೇ ಮಾಡುವ ಮಶಿನ್ ತೋರಿಸಿದ. ಒಗೆಯುವುದು, ಹಿಂಡುವುದು ಎಲ್ಲ ಒಂದೇ ತೊಟ್ಟಿಯಲ್ಲಿ. ಅತ್ತೆ ಮುಚ್ಚಳ ಎತ್ತಿ ಒಳಗೆ ಬಗ್ಗಿ ನೋಡಿದರು.

"ಇದರಾಗ ಕೈ ಎಲ್ಲಿ ಹಾಕೂದಪಾ?"

"ಕೈ ಹಾಕೂ ಕೆಲಸಾನ ಇಲ್ರಿ ಅಜ್ಜಿ. ಬಟ್ಟಿ ಹಾಕ್ರಿ, ಬಟನ್ ಒತ್ರಿ, ಆರಾಮ ಕುಂದರ್ರಿ."

ಅತ್ತೆ ಕೈಗಳನ್ನು ಸೆರಗಿನೊಳಗೆ ತೆಗೆದುಕೊಂಡರು. ನಾನು ಎರಡು ತೊಟ್ಟಿಯದನ್ನು ತೋರಿಸು ಅಂದೆ. ಅವನಿಗೆ ನಗು ಬಂತು. ಅದನ್ನು ಈಗ ಪೇಟೆಯವರು ಕೇಳುವುದಿಲ್ಲ, ಅಜ್ಜಿಗೆ ಎತ್ತಿ ಹಾಕುವ ತ್ರಾಸು ಯಾಕೆ ಅಂದ.

"ತ್ರಾಸ ಇರ್ಲಿ. ಅವರಿಗೆ ಬೇಕಾಗೇತಿ," ಅಂದೆ. ಗೋದಾಮಿನಿಂದ ತರಿಸಿ ಮನೆಗೆ ಕಳಿಸುತ್ತೇನೆ, ಹಳೆಯದನ್ನು ಅದೇ ಗಾಡಿಯಲ್ಲಿ ಒಯ್ಯುತ್ತೇನೆ ಅಂತ ಒಪ್ಪಿಕೊಂಡ.

ಆ ಗಾಡಿ ಬರುವ ಮೊದಲೇ ರಾಜಶ್ರೀ ಬಂದಳು. ತಾಯಿಯ ಕೈ ಹಿಡಿದು, ನಮ್ಮ ಮನೆಯಲ್ಲಿ ನೀನು ಒಂದು ಲೋಟ ಎತ್ತುವುದೂ ಬೇಡ ಅಂದಳು. ಪ್ರೀತಿಯಿಂದಲೇ ಅಂದಳು. ಅತ್ತೆ ಗೂಟದ ಚೀಲ ನೋಡಿದರು, ಮೂಲೆಯ ಹಳೆಯ ಮಶಿನ್ ನೋಡಿದರು.

"ಹೊಸಾದ ಬರೂದೈತಿ. ಶಾಂತಾ ಸಾಲಿಗೆ ಹೋಗ್ತಾಳ, ಇಳಿಸ್ಕೊಳ್ಳಾಕ ಮನ್ಯಾಗ ಯಾರರ ಬೇಕಲ್ಲ. ಬಂದ ಮ್ಯಾಲೆ ನೋಡೂಣು."

ರಾಜಶ್ರೀ ಒಬ್ಬಳೇ ಹೋದಳು. ಗಾಡಿ ಬಂದ ದಿನ ಅತ್ತೆ ಹಳೆಯದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮನೆಯ ಎತ್ತು ಮಾರಿ ಕಳಿಸುವಾಗ ಹಚ್ಚುವ ಹಾಗೆ ಅದರ ಹಣೆಗೆ ವಿಭೂತಿ ಹಚ್ಚಿದರು. ಅದು ಓಣಿಯ ತಿರುವು ದಾಟುವವರೆಗೆ ನಿಂತಿದ್ದರು. ಆಮೇಲೆ ಹೊಸದರ ಮುಚ್ಚಳ ಎತ್ತಿದರು. ಈಗ ದಿನವೂ ಎರಡು ತೊಟ್ಟಿಯ ನಡುವೆ ನಿಲ್ಲುತ್ತಾರೆ. ಇದು ಸದ್ದು ಮಾಡುವುದಿಲ್ಲ ಅನ್ನುವುದು ಅವರ ದೂರು. ದೂರು ಕೇಳುತ್ತಿದ್ದ ಮಗ ಈಗ ಇಲ್ಲದ್ದರಿಂದ ನನಗೆ ಹೇಳುತ್ತಾರೆ. ರಾಜಶ್ರೀಗೆ ಫೋನಿನಲ್ಲಿ ದೀಪಾವಳಿ ಆಗಲಿ ಅಂದಿದ್ದರು, ಈಗ ಸಂಕ್ರಾಂತಿ ಆಗಲಿ ಅನ್ನುತ್ತಿದ್ದಾರೆ.

ಇಂಥವರು ನಮ್ಮ ಕಡೆ ಬೇರೆಯೂ ಇದ್ದಾರೆ, ಮಗನನ್ನು ಮಣ್ಣಿಗಿಟ್ಟು ಬಂದು ದನಕ್ಕೆ ನೀರು ತೋರಿಸಿದವರು, ಹಿಟ್ಟು ನಾದಿದವರು. ಜನ ಅವರನ್ನು ಕಲ್ಲು ಅನ್ನುತ್ತಾರೆ. ಮಕ್ಕಳು ಕನಿಕರದಿಂದ ಕೈಯ ಕೆಲಸ ಕಸಿದುಕೊಂಡು ಕೂಡಿಸಿ ಉಣ್ಣಿಸುತ್ತಾರೆ. ಅದನ್ನು ಅವರು ತಮ್ಮನ್ನು ಮನೆಯಿಂದ ಹೊರಗೆ ಹಾಕಿದ ಹಾಗೆ ತಿಳಿಯುತ್ತಾರೆ. ಇರು ಅಂದರೆ ಅವರು ಇರುವುದಿಲ್ಲ, ಇರುತ್ತೇನೆ ಅಂತ ತಾವಾಗಿ ಹೇಳುವುದೂ ಇಲ್ಲ. ಸತ್ತವರ ಮನೆಯಲ್ಲಿ ಇನ್ನೊಂದು ದಿನ ಕಳೆಯುವುದಕ್ಕೆ ಅವರ ಕೈಗೆ ಒದ್ದೆಯಾದದ್ದು ಏನಾದರೂ ಬೇಕು.