ಶುಕ್ರವಾರದ ಹಾಳೆ

ಸೆಪ್ಟೆಂಬರ್ ತಿಂಗಳ ಮೂರನೇ ಶನಿವಾರ, ಟ್ಯಾನ್‌ರಿಡ್ಜ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಥ್ಯಾಡಿಯಸ್ ಮ್ಯಾಬ್ರಿಯ ತಲೆಗೆ ಪೆಟ್ಟು ಬಿತ್ತು. ಭಾನುವಾರ ಗಾಯಾಳುಗಳ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ‘ಕತ್ತು ಉಳುಕಿದೆ’ ಎಂದು ಬರೆಯಲಾಯಿತು. ಮುಂದಿನ ಶನಿವಾರ ಅವನು ಆಡಿದ. ಅದರ ಮುಂದಿನ ಶನಿವಾರವೂ ಆಡಿದ.

ಅಲ್ಲಿಂದಾಚೆಗೆ ತಂಡದ ದಾಳಿ ನೆಲ ಕಚ್ಚಿತು. ಮೊದಲ ಮೂರು ಪಂದ್ಯಗಳಲ್ಲಿ ತಲಾ ಮೂವತ್ತರ ಆಸುಪಾಸು ಅಂಕ ಗಳಿಸಿದವರು ಆಮೇಲಿನ ನಾಲ್ಕನ್ನೂ ಒಟ್ಟು ಸೇರಿಸಿದರೂ ಇಪ್ಪತ್ತಾರು ದಾಟಲಿಲ್ಲ. ಅಲಬಾಮದ ಆ ಸಣ್ಣ ಊರಿನಲ್ಲಿ ಕ್ಷೌರದಂಗಡಿಯಿಂದ ಹಿಡಿದು ಚರ್ಚಿನ ಮೆಟ್ಟಿಲವರೆಗೆ ಎಲ್ಲರ ಬಳಿಯೂ ಒಂದೊಂದು ಮದ್ದು ಇತ್ತು. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕನ್ನು ಹೊರಗೆ ಕೂರಿಸಿ ಎಂದರು ಕೆಲವರು. ಓಟ ಹೆಚ್ಚಿಸಿ, ಎಸೆತ ಕಡಿಮೆ ಮಾಡಿ ಎಂದರು ಕೆಲವರು. ಚೆಂಡು ಕೈಗೆ ಬಂದ ಅರೆಗಳಿಗೆಯಲ್ಲೇ ಎದುರಾಳಿ ಮೈಮೇಲೆ ಬಿದ್ದರೆ ಎಸೆಯುವವನಾದರೂ ಏನು ಮಾಡಿಯಾನು ಎಂದು ಯಾರೂ ಕೇಳಲಿಲ್ಲ.

ಕೇಳಿದವನು ಓಡೆಲ್ ಪ್ರುಯಿಟ್ ಒಬ್ಬನೇ. ಐವತ್ತೆಂಟರ ಕಪ್ಪು ಮನುಷ್ಯ. ಮುಂಚೂಣಿಯಲ್ಲಿ ನಿಂತು ಎದುರಾಳಿಗಳನ್ನು ತಡೆಯುವ ಐದು ಮಂದಿಗೆ ಕೋಚ್. ಇಪ್ಪತ್ತಾರು ವರ್ಷ, ಐದು ಕಾಲೇಜು, ಎಲ್ಲೆಡೆ ಅದೇ ಕೆಲಸ. ಅವನ ಬಣ್ಣದವರಿಗೆ ಆಟಗಾರರನ್ನು ಮಣ್ಣಿನಲ್ಲಿ ಹೊರಳಾಡಿಸುವ ಕೆಲಸ ಧಾರಾಳವಾಗಿ ಸಿಗುತ್ತಿತ್ತು. ಯಾವ ಹೊತ್ತಿಗೆ ಯಾವ ಆಟ ಎಂದು ಮೈದಾನದ ಅಂಚಿನಲ್ಲಿ ನಿಂತು ನಿರ್ಧರಿಸುವ ಕೆಲಸ ಮಾತ್ರ ಯಾವಾಗಲೂ ಬೇರೆ ಬಣ್ಣದವರ ಪಾಲು. ಓಡೆಲ್ ಕಲಿಸಿಕೊಟ್ಟವರೇ ಮೂವರು ಅವನನ್ನು ದಾಟಿ ಆ ಜಾಗಕ್ಕೆ ಏರಿದ್ದರು.

ಸೋಮವಾರ ಬೆಳಿಗ್ಗೆ ಹೆಡ್ ಕೋಚ್ ಬ್ರೆಂಟ್ ಕಾಲಿಯರ್ ಅವನನ್ನು ಕರೆಸಿದ. ಕಾಲಿಯರ್‌ಗೆ ಇನ್ನೂ ನಲವತ್ತು ತುಂಬಿರಲಿಲ್ಲ.

“ಓಡೆಲ್, ನಿನ್ನ ಐದು ಜನ ಗೋಡೆ ಅಂದ್ಕೊಂಡಿದ್ದೆ. ಗೋಡೆ ಹಾಳಾಗಲಿ, ಬರೀ ಕಿಟಕಿ ಪರದೆ. ಯಾರು ಬೇಕಾದ್ರೂ ಸರಿಸ್ಕೊಂಡು ಒಳಗ್ಬರ್ತಾರೆ.”

“ಫಿಲಂ ಇನ್ನೊಂದ್ಸಲ ನೋಡ್ತೀನಿ, ಕೋಚ್.”

“ನೋಡು. ಈ ಶನಿವಾರಕ್ಕೆ ದಾಳಿ ಸರಿಮಾಡಿಕೊಡು. ಮುಂದಿನ ವರ್ಷ ಯಾವ ಆಟ ಅಂತ ನಿರ್ಧರಿಸೋನು ನೀನೇ. ಮಾತು ಅಂದ್ರೆ ಮಾತು.”

ಮೆಟ್ಟಿಲಿಳಿಯುವಾಗ ಓಡೆಲ್‌ಗೆ ಮೊಣಕಾಲಿನ ಹಳೇ ನೋವು ಇಲ್ಲವೆನ್ನಿಸಿತು.

ಪಂದ್ಯದ ಫಿಲಮ್ಮಿಗೆ ದನಿ ಇರುವುದಿಲ್ಲ. ಬಾಗಿದ ಬೆನ್ನುಗಳು, ನೆಲಕ್ಕೂರಿದ ಬೆರಳುಗಳು, ಅಷ್ಟೇ. ಐವರ ನಡುವೆ ನಿಲ್ಲುವವನು ಸೆಂಟರ್. ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುವವನು. ಕೊಡುವ ಮೊದಲು ಅವನು ತಲೆಯೆತ್ತಿ ಎದುರಾಳಿಗಳನ್ನು ಓದಬೇಕು, ಅವರಲ್ಲಿ ಒಬ್ಬನತ್ತ ಬೆರಳು ತೋರಿಸಿ ಅವನ ಸಂಖ್ಯೆ ಕೂಗಬೇಕು. ಆ ಬೆರಳನ್ನು ನೋಡಿಕೊಂಡು ಉಳಿದ ನಾಲ್ವರು ತಾವು ಯಾರನ್ನು ತಡೆಯಬೇಕೆಂದು ಗೊತ್ತುಮಾಡಿಕೊಳ್ಳುತ್ತಾರೆ. ಮೂರು ವರ್ಷದಿಂದ ಆ ಬೆರಳು ಮ್ಯಾಬ್ರಿಯದು.

ಮೊದಲ ಮೂರು ಪಂದ್ಯಗಳಲ್ಲಿ ಅದು ಅರ್ಧ ಉಸಿರಿನೊಳಗೆ ಮೇಲೇಳುತ್ತಿತ್ತು. ಆಮೇಲಿನ ನಾಲ್ಕರಲ್ಲಿ ಹುಡುಗ ಎಡಕ್ಕೆ ನೋಡುತ್ತಾನೆ, ಬಲಕ್ಕೆ ನೋಡುತ್ತಾನೆ, ಮತ್ತೆ ಎಡಕ್ಕೆ. ಬೆರಳು ಎದ್ದಾಗ ತೋರಿಸಿದ ಮನುಷ್ಯ ಆ ಜಾಗದಲ್ಲೇ ಇಲ್ಲ. ನಾಲ್ವರೂ ನಂಬಿಗಸ್ತರಂತೆ ಖಾಲಿ ಗಾಳಿಯನ್ನು ತಡೆಯಲು ಓಡುತ್ತಾರೆ.

‘ಹೆದರಿದ್ದಾನೆ. ಅತಿಯಾಗಿ ಯೋಚಿಸ್ತಿದ್ದಾನೆ’ ಎಂದುಕೊಂಡ ಓಡೆಲ್. ಕೋಚ್‌ಗಳು ಹಾಗೆಯೇ ಅಂದುಕೊಳ್ಳುತ್ತಾರೆ. ತಪ್ಪು ಬೆರಳಿನಲ್ಲಿ ಕಂಡಿತು. ಮದ್ದನ್ನೂ ಬೆರಳಿಗೇ ಕೊಟ್ಟ.

ಮಂಗಳವಾರ ಮೈದಾನದಲ್ಲಿ ಅವನು ಮ್ಯಾಬ್ರಿಯ ಎಡಕ್ಕೆ ನಿಲ್ಲುವ ಲೀಮನ್ ಟಬ್ಸ್‌ನನ್ನು ಕರೆದ. ಇನ್ನು ಮುಂದೆ ಎದುರಾಳಿಯನ್ನು ಓದುವವನು, ಸಂಖ್ಯೆ ಕೂಗುವವನು ಟಬ್ಸ್. ಹೊತ್ತಾದಾಗ ಮ್ಯಾಬ್ರಿಯ ತೊಡೆಗೊಂದು ತಟ್ಟು. ತಟ್ಟಿದೊಡನೆ ಚೆಂಡು ಹಿಂದಕ್ಕೆ. ಬುಧವಾರದ ಹೊತ್ತಿಗೆ ದಾಳಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯತೊಡಗಿತು. ಕಾಲಿಯರ್ ಅಭ್ಯಾಸ ನಿಲ್ಲಿಸಿ, ಎಲ್ಲರೆದುರು ಓಡೆಲ್‌ನ ಬೆನ್ನು ತಟ್ಟಿದ. ಓಡೆಲ್ ಮನೆಗೆ ಹೋಗಿ ಹೆಂಡತಿಗೆ, ಮುಂದಿನ ವರ್ಷ ತನ್ನ ಕೋಣೆಗೆ ಕಿಟಕಿ ಇರುತ್ತದೆ ಎಂದ.

ಗುರುವಾರ ಸಂಜೆ ಆ ಐದು ಮಂದಿ ಸೇತುವೆ ಪಕ್ಕದ ಹೋಟೆಲಿನಲ್ಲಿ ಕರಿದ ಮೀನು ತಿನ್ನುವುದು ವಾಡಿಕೆ. ಓಡೆಲ್ ಹೋಗದೆ ಬಹಳ ದಿನವಾಗಿತ್ತು. ಈ ಸಲ ಖುಷಿಗೆ ಹೋದ. ಊಟಕ್ಕೆ ಮೊದಲು ಪ್ರಾರ್ಥನೆ ಸೆಂಟರ್‌ನದು. ಒಬ್ಬೊಬ್ಬರ ಹೆಸರು ಹಿಡಿದು, ಅವರವರ ನೋವಿನ ಜಾಗಕ್ಕೆ ಕಾಪಾಡೆಂದು ಬೇಡಬೇಕು.

“ಸ್ವಾಮಿ, ಈ ಮೀನಿಗಾಗಿ ನಿಂಗೆ ವಂದನೆ,” ಮ್ಯಾಬ್ರಿ ಕಣ್ಣುಮುಚ್ಚಿ ಶುರುಮಾಡಿದ. “ರೊಸ್ಕೋನ ಬೆನ್ನು ಕಾಯಿ. ಹಾಲಿಸ್‌ನ ಮೊಣಕಾಲು ಕಾಯಿ. ಡಾರ್ನೆಲ್‌ನ ಬಾಯಿ ಕಾಯಿ, ಅದ್ರಿಂದ ನಮ್ಮನ್ನೂ ಕಾಯಿ.”

ಎಲ್ಲರೂ ಕಿಸಕ್ಕೆಂದರು. ಮ್ಯಾಬ್ರಿ ಪಕ್ಕದವನ ಹೆಗಲ ಮೇಲೆ ಕೈಯಿಟ್ಟ.

“ಆಮೇಲೆ… ಇವನ ಹೆಗಲು. ಇವನ…”

ಮೀನಿನಿಂದ ಹಬೆ ಏಳುತ್ತಿತ್ತು. ಮ್ಯಾಬ್ರಿ ಕಣ್ಣು ತೆರೆದು ಆ ಮುಖವನ್ನು ನೋಡಿದ.

“ಲೇ ಎಮ್ಮೆ,” ಎಂದ ಲೀಮನ್ ಟಬ್ಸ್, “ಮೂರು ವರ್ಷ ಒಂದೇ ರೂಮಲ್ಲಿ ನನ್ನ ಗೊರಕೆ ಕೇಳಿದ್ದೀಯ. ಹೆಸರು ಮರೆತ್ಯಾ?”

“ನಿನ್ನ ಸಾಕ್ಸ್ ವಾಸನೆಗೆ ಯಾರಿಗಾದ್ರೂ ಮರೆತೋಗುತ್ತೆ ಬಿಡೋ,” ಎಂದ ಡಾರ್ನೆಲ್.

ನಗೆ ಮೇಜಿನ ಸುತ್ತ ಹರಿಯಿತು. ಮ್ಯಾಬ್ರಿಯೂ ನಕ್ಕ, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ. ಫಿಲಮ್ಮಿನಲ್ಲಿ ಬೆರಳು ಏಳುತ್ತಿದ್ದಂತೆಯೇ ತಡವಾಗಿ. ಓಡೆಲ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟ.

ಊಟದ ನಡುವೆ ಎದ್ದುಹೋದ ಹುಡುಗ ಹೊರಗೆ ಇಳಿಬಿಸಿಲಿಗೆ ಬೆನ್ನು ಹಾಕಿ ನಿಂತಿದ್ದ. ಓಡೆಲ್ ಪಕ್ಕಕ್ಕೆ ಬಂದು ನಿಂತ.

“ಎಷ್ಟು ದಿನದಿಂದ?”

“ಏನು ಕೋಚ್?”

“ಥ್ಯಾಡಿಯಸ್, ನನ್ನ ಹತ್ರ ಆಟ ಆಡಬೇಡ.”

ಹುಡುಗ ಕಾಲಿನಿಂದ ಜಲ್ಲಿ ಕೆದಕಿದ. “ಆ ಪೆಟ್ಟು ಬಿತ್ತಲ್ಲ, ಆವತ್ತಿಂದ. ಬಿಸಿಲು ಕಣ್ಣಿಗೆ ಚುಚ್ಚುತ್ತೆ. ಪುಸ್ತಕ ಹಿಡಿದ್ರೆ ಸಾಲು ಜಾರುತ್ತೆ. ಮಿಸ್ ನೊರೀನ್‌ಗೆ ಆವತ್ತೇ ಹೇಳಿದ್ದೆ.”

“ನಂಗ್ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ.” ದೂರಿನ ದನಿ ಇರಲಿಲ್ಲ ಅದರಲ್ಲಿ. “ಕೂತ್ಬಿಟ್ರೆ ಬೇರೆಯವನು ಆ ಜಾಗಕ್ಕೆ ಬರ್ತಾನೆ. ಸ್ಕಾಲರ್‌ಶಿಪ್ ಹೋದ್ರೆ ಬರೋ ವರ್ಷ ನನ್ನ ಓದು ಯಾರು ನೋಡ್ತಾರೆ? ಆದ್ರೆ ಈ ತಟ್ಟೋದು ಭಾಳ ಚೆನ್ನಾಗಿದೆ ಕೋಚ್. ಈಗ ನಾನು ಏನೂ ಯೋಚನೆ ಮಾಡೋದೇ ಬೇಡ. ತಟ್ಟಿದ್ರೆ ಕೊಡೋದು, ಅಷ್ಟೇ. ಶನಿವಾರ ಯಾರಿಗೂ ಗೊತ್ತಾಗಲ್ಲ.”

ಓಡೆಲ್ ತನ್ನ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ದಾಳಿ ನಾಲ್ಕು ವಾರ ಮುಗ್ಗರಿಸಿ ಮುಗ್ಗರಿಸಿ ಒಂದೇ ಮಾತನ್ನು ಹೇಳುತ್ತಿತ್ತು: ಈ ಹುಡುಗನಿಗೆ ಏನೋ ಆಗಿದೆ, ನೋಡಿ. ಅದನ್ನು ಹೇಳುತ್ತಿದ್ದ ಬಾಯಿಯನ್ನೇ ಅವನು ಎರಡು ದಿನದಲ್ಲಿ ಹೊಲಿದುಬಿಟ್ಟಿದ್ದ, ಎಷ್ಟು ಅಚ್ಚುಕಟ್ಟಾಗಿ ಎಂದರೆ ಹೊಲಿಗೆ ಕೂಡ ಕಾಣದಂತೆ.

ಶುಕ್ರವಾರ ಬೆಳಿಗ್ಗೆ, ತಂಡದ ಗಾಯಗಳನ್ನು ನೋಡಿಕೊಳ್ಳುವ ನೊರೀನ್ ಚಿಕಿತ್ಸೆಯ ಕೋಣೆಯಲ್ಲಿ ಯಾರದೋ ಪಾದಕ್ಕೆ ಟೇಪು ಸುತ್ತುತ್ತಿದ್ದಳು. ಆಟಗಾರ ಹೊರಗೆ ಹೋಗುವವರೆಗೆ ಓಡೆಲ್ ಕಾದ.

“ಮ್ಯಾಬ್ರಿಯ ಕತ್ತಿನ ವಿಷಯ,” ಎಂದ.

“ಆ ಶನಿವಾರ ನಾನು ಬರೆದಿದ್ದು ತಲೆ ಅಂತ. ಭಾನುವಾರ ನೋಡಿದ್ರೆ ಕತ್ತು ಆಗಿತ್ತು. ಕಾಲಿಯರ್‌ನ ಕೇಳಿದೆ. ‘ನಿಮ್ಮ ಕೆಲಸ ಟೇಪು ಸುತ್ತೋದು’ ಅಂದ್ರು. ಸುತ್ತಿದೆ.”

“ನಂಗಾದ್ರೂ ಒಂದು ಮಾತು…”

“ನಾಲ್ಕು ಶುಕ್ರವಾರ ನೀವೂ ಸಹಿ ಹಾಕಿದ್ರಲ್ಲ, ಓಡೆಲ್. ನಿಮಗೂ ಗೊತ್ತಿದೆ ಅಂದ್ಕೊಂಡೆ.”

ಅದು ನಿಜ. ಪ್ರತಿ ಶುಕ್ರವಾರ ಒಂದು ಹಾಳೆ ಬರುತ್ತದೆ: ‘ನನ್ನ ಆಟಗಾರರು ಈ ವಾರ ಪೂರ್ತಿ ಅಭ್ಯಾಸ ಮಾಡಿದ್ದಾರೆ, ಯಾರಲ್ಲೂ ಏನೂ ತೊಂದರೆ ಕಂಡಿಲ್ಲ.’ ಕೆಳಗೆ ಕೋಚಿನ ಸಹಿ. ಬಸ್ಸಿಗೆ ಸಾಮಾನು ತುಂಬಿಸುವ ಗಡಿಬಿಡಿಯಲ್ಲಿ ಯಾವ ಕೋಚೂ ಅದನ್ನು ಓದುವುದಿಲ್ಲ. ಹುಡುಗನಿಗೆ ನಾಳೆ ಏನಾದರೂ ಆದರೆ ಕಾಲೇಜು ಮೊದಲು ತೆಗೆದು ತೋರಿಸುವುದು ಮಾತ್ರ ಅದನ್ನೇ.

ಕಾಲಿಯರ್ ತನ್ನ ಕೋಣೆಯಲ್ಲಿ ನಿಂತೇ ಕಾಫಿ ಕುಡಿಯುತ್ತಿದ್ದ. ಹಾಳೆ ಮೇಜಿನ ಮೇಲಿತ್ತು.

“ಬಂದ್ಯಾ ವೈದ್ಯ,” ಎಂದ. “ಸಹಿ ಹಾಕು, ಬಸ್ಸು ಕಾಯ್ತಿದೆ.”

“ಮ್ಯಾಬ್ರಿ ಆಡೋ ಹಾಗಿಲ್ಲ, ಕೋಚ್. ಅವನಿಗೆ ಪೆಟ್ಟು ಬಿದ್ದಿರೋದು ತಲೆಗೆ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ.”

“ಅವನೇ ಆಡ್ತೀನಿ ಅಂತಾನೆ.”

“ಪಕ್ಕದಲ್ಲಿ ಕೂತವನ ಹೆಸರೇ ಅವನಿಗೆ ನೆನಪಾಗ್ಲಿಲ್ಲ. ಅವನ ಆ ಮಾತೊಂದನ್ನ ಮಾತ್ರ ನಂಬ್ತೀರಾ?”

ಕಾಲಿಯರ್ ಲೋಟ ಇಳಿಸಿದ. ಬಾಗಿಲತ್ತ ನೋಡಿ ದನಿ ತಗ್ಗಿಸಿದ. “ನೋಡು ಓಡೆಲ್. ಯೋಚನೆ ಮಾಡೋ ಕೆಲಸವನ್ನ ನೀನೇ ಅವನ ತಲೆಯಿಂದ ತೆಗೆದಿಟ್ಟಿದ್ದೀಯ. ತಟ್ಟಿದ್ರೆ ಕೊಡ್ತಾನೆ. ಅಷ್ಟು ಚೆಂದದ ಉಪಾಯ ನಂಗೂ ಹೊಳೆದಿರಲಿಲ್ಲ. ಇದೊಂದು ಪಂದ್ಯ ಕಳೀಲಿ.”

“ಇದಕ್ಕೆ ಮುಂಚೆ ನಾಲ್ಕು ಕಳೆದಿದೆ.”

“ಅವನ ಬದಲು ಯಾರು ನಿಲ್ತಾರೆ? ಮೊದಲ ವರ್ಷದ ಆ ಕಡ್ಡಿಯಾ? ಬರೀ ಮೂರು ಅಂಕ ಬರುತ್ತೆ ನಮಗೆ.”

“ಬರಲಿ.”

“ಇಪ್ಪತ್ತಾರು ವರ್ಷ ಕಾದಿದ್ದೀಯ ನೀನು. ಈಗ ಸೋತ್ರೆ ನಾನೂ ಇರಲ್ಲ, ನೀನೂ ಇರಲ್ಲ. ಈ ವಯಸ್ಸಿಗೆ ನಿನ್ನ ಯಾರು ತಗೋತಾರೆ ಅಂತ ಯೋಚಿಸಿದ್ದೀಯಾ?”

ಯೋಚಿಸಿದ್ದ. ಸೇತುವೆಯಿಂದ ಮನೆಯವರೆಗೆ ಅದನ್ನೇ ಯೋಚಿಸಿದ್ದ. ಯಾರೂ ತೆಗೆದುಕೊಳ್ಳುವುದಿಲ್ಲ.

ಕೆಳಗೆ ಬಸ್ಸಿನ ಚಾಲಕ ಒಮ್ಮೆ ಹಾರ್ನ್ ಒತ್ತಿದ. ಕಾಲಿಯರ್ ಪೆನ್ನಿನ ಮುಚ್ಚಳ ತೆಗೆದು ಓಡೆಲ್‌ನತ್ತ ಚಾಚಿದ.

“ಏನೂ ಕಂಡಿಲ್ಲ ಅಂತ ಬರೆದಿದೆ, ಅಷ್ಟೇ. ಸಹಿ ಹಾಕು.”

“ಕಂಡಿದ್ದೀನಿ,” ಎಂದ ಓಡೆಲ್. “ಹಿಂದಿನ ನಾಲ್ಕು ಹಾಳೆಗಳಲ್ಲಿರೋ ನನ್ನ ಸಹಿ ಸುಳ್ಳು ಅಂತ್ಲೂ ಬರೆದುಕೊಡ್ತೀನಿ.”

“ಓಡೆಲ್. ಹೇಳಿದಷ್ಟು ಮಾಡು.”

“ಇಲ್ಲ ಕೋಚ್. ಮಾಡಲ್ಲ.”